ಬಾಡಿಗೆ ಮನೆಯ ಹಳೆ ಒಲೆಗೂಡು: ಒಡೆಯದೆ ಚಂದ ಮಾಡುವ ಬಗೆ

ಬೀದರಿನ ಗಾಂಧಿ ಗಂಜಿನಲ್ಲಿ ಬಾಡಿಗೆಗೆ ಮನೆ ಹುಡುಕುವವರಿಗೆ ಎರಡು ಬಗೆಯ ಮನೆಗಳು ಸಿಗುತ್ತವೆ. ಒಂದು ಹೊಸದಾಗಿ ಎದ್ದ ಆರ್‌ಸಿಸಿ ಕಟ್ಟಡದ ಮೇಲಂತಸ್ತು. ಇನ್ನೊಂದು ಅಡತ್ ಅಂಗಡಿಗಳ ಹಿಂದಿನ ಗಲ್ಲಿಯ ಹಳೆಯ ಮನೆ. ಹಿಂದೆ ಒಂದೇ ಕುಟುಂಬ ಇದ್ದ ಈ ಮನೆಯನ್ನು ಅಣ್ಣತಮ್ಮಂದಿರು ಪಾಲಾದ ಮೇಲೆ ಎರಡು ಮೂರು ಪೋರ್ಷನ್ ಮಾಡಿ ಕೊಟ್ಟಿರುತ್ತಾರೆ. ಗೋಡೆ ದಪ್ಪ, ಬೇಸಿಗೆಯಲ್ಲಿ ತಂಪು, ಬಾಡಿಗೆಯೂ ಕೈಗೆಟಕುವಂಥದು. ತೊಡಕು ಒಂದೇ. ಮೊದಲು ಅಡುಗೆಮನೆಯಾಗಿದ್ದ ಕೋಣೆ ಈಗ ನಿಮ್ಮ ಪಾಲಿನ ಹಾಲ್ ಆಗಿರುತ್ತದೆ, ಅದರ ಗೋಡೆಗೆ ಹಳೆಯ ಕಟ್ಟಿಗೆ ಒಲೆ ಹಾಗೇ ಅಂಟಿಕೊಂಡಿರುತ್ತದೆ. ಕೆಳಗೆ ಕಟ್ಟೆ, ನಡುವೆ ಕಪ್ಪು ಬಾಯಿ, ಮೇಲೆ ಛಾವಣಿಯವರೆಗೆ ಹೊಗೆಗೂಡು. ಸುತ್ತ ಯಾವುದೋ ಕಾಲದಲ್ಲಿ ಮೆತ್ತಿದ ಬಿಳಿ ಗ್ಲೇಜ್ ಟೈಲ್ಸ್, ಅವುಗಳ ಸಂದಿಯಲ್ಲಿ ಜಿಡ್ಡು. ಸೋಫಾ ಎಲ್ಲಿಟ್ಟರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಬೆಂಗಳೂರು ಕಂಟೋನ್ಮೆಂಟಿನ ಹಳೆಯ ಬಂಗಲೆಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಇದೇ ತೊಡಕು ಅಗ್ಗಿಷ್ಟಿಕೆಯ ರೂಪದಲ್ಲಿ ಎದುರಾಗುತ್ತದೆ. ಅಲ್ಲಿಯದು ಚಳಿ ಕಾಯಿಸಲು ಕಟ್ಟಿದ್ದು, ಇಲ್ಲಿಯದು ರೊಟ್ಟಿ ಬೇಯಿಸಲು. ಬಾಡಿಗೆದಾರರ ಕಷ್ಟ ಮಾತ್ರ ಒಂದೇ: ಒಡೆಯುವಂತಿಲ್ಲ, ಹಾಗೇ ಬಿಟ್ಟರೆ ನೋಡಲಾಗುವುದಿಲ್ಲ.

ಪೂರ್ತಿ ಮರೆಮಾಡಲು ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಲೆಗೂಡನ್ನು ಅಲ್ಮಾರಿಯಿಂದ ಮುಚ್ಚಿದರೆ ಕೋಣೆಯ ಅರ್ಧ ಜಾಗ ಹೋಗುತ್ತದೆ. ಅಲ್ಮಾರಿಯ ಹಿಂದೆ ಇಲಿ ಸಂಸಾರ ಹೂಡುತ್ತದೆ. ಕಾಳಿನ ಮಾರುಕಟ್ಟೆ ಪಕ್ಕದಲ್ಲೇ ಇರುವಾಗ ಇದು ಬರೀ ಊಹೆಯ ಮಾತಲ್ಲ. ಮಳೆಗಾಲದಲ್ಲಿ ಹೊಗೆಗೂಡಿನಿಂದ ಇಳಿದ ನೀರನ್ನು ಗೋಡೆ ಕಾಣದಂತೆ ಕುಡಿಯುತ್ತದೆ. ಕಣ್ಣಿಗೆ ಚುಚ್ಚುವುದನ್ನಷ್ಟೇ ತಗ್ಗಿಸಿ, ಉಳಿದುದನ್ನು ಕೆಲಸಕ್ಕೆ ಹಚ್ಚುವುದೇ ಮೇಲು. ಅದಕ್ಕೆ ಬೇಕಾದ ಉಪಾಯವನ್ನು ಈ ಊರಿನ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದಾರೆ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರ ಮೇಲೆ ಬಳ್ಳಿ ಹೂವು ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸಿದರೂ ಬಿದ್ರಿ ಕೆಲಸ ಮುಗಿಯುವುದಿಲ್ಲ. ಆ ಹಂತದಲ್ಲಿ ಬೆಳ್ಳಿಯೂ ಲೋಹವೂ ಹೆಚ್ಚುಕಡಿಮೆ ಒಂದೇ ಬಣ್ಣಕ್ಕಿದ್ದು ಚಿತ್ತಾರ ಕಾಣುವುದೇ ಇಲ್ಲ. ಬೀದರ್ ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆಗ ಚಿತ್ತಾರ ಎದ್ದು ಬರುತ್ತದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದವರಿಗೂ ಇದು ಗೊತ್ತಿತ್ತು. ಕಪ್ಪನ್ನು ಕಳೆಯುವುದಕ್ಕಿಂತ ಕಪ್ಪಿನ ಮುಂದೆ ಏನಿಡಬೇಕು ಎಂದು ಯೋಚಿಸುವವರು ಗೆಲ್ಲುತ್ತಾರೆ. ನಿಮ್ಮ ಒಲೆಯ ಬಾಯಿಯನ್ನು ಹಾಗೆ ನೋಡಿ.

ಮೊದಲು ಮಾಲಕರ ಮಾತು

ಕೈ ಹಚ್ಚುವ ಮುಂಚೆ ಕಾಯ್ದೆ ಏನನ್ನುತ್ತದೆ ಎಂಬುದು ತಿಳಿದಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಬಾಡಿಗೆದಾರರ ಹಕ್ಕು, ಹೊಣೆ ಎರಡನ್ನೂ ಹೇಳುತ್ತದೆ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ ಅದೇ ಅನ್ವಯ. ಸಹಜವಾದ ಸವೆತ ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಕಟ್ಟಡವನ್ನು ಕೆಡವುವಂತಿಲ್ಲ, ಹಾನಿ ಮಾಡುವಂತಿಲ್ಲ. ಮಾಲಕರ ಒಪ್ಪಿಗೆ ಇಲ್ಲದೆ ಕಾಯಂ ರಚನೆ ಕಟ್ಟುವಂತಿಲ್ಲ. ಅದೇ ಕಲಮು ಬಾಡಿಗೆದಾರರಿಗೆ ಅನುಕೂಲವಾದ ಮಾತನ್ನೂ ಹೇಳುತ್ತದೆ: ನೀವು ಜೋಡಿಸಿದ್ದನ್ನು ಮನೆ ನಿಮ್ಮ ವಶದಲ್ಲಿರುವಾಗ ತೆಗೆದುಕೊಂಡು ಹೋಗಬಹುದು, ಮನೆ ಮಾತ್ರ ಮೊದಲಿನಂತೆ ಇರಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಹೆಚ್ಚುಕಡಿಮೆ ಈ ಗೆರೆಯೊಳಗಿನವು, ಅಂದರೆ ಒಂದು ದಿನದಲ್ಲಿ ಬಿಚ್ಚಿ ಗಾಡಿಗೆ ಹೇರಬಹುದಾದವು. ಸುಣ್ಣ ಬಣ್ಣದಂಥ ಒಂದೆರಡಕ್ಕೆ ಮಾತ್ರ ಒಪ್ಪಿಗೆ ಕಡ್ಡಾಯ.

ಕಾಯ್ದೆಗಿಂತ ಮುಂಚೆ ಮಾತಾಡುವುದು ಒಳ್ಳೆಯದು. ಆ ಒಲೆಯ ಮುಂದೆ ಮಾಲಕರ ತಾಯಿಯೋ ಅಜ್ಜಿಯೋ ಜೀವಮಾನ ಕಳೆದಿರಬಹುದು. ನಮ್ಮ ಕಡೆ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುವ ಮನೆಗಳು ಇವತ್ತಿಗೂ ಇವೆ. ಬಳಕೆಯಲ್ಲಿಲ್ಲದ ಒಲೆ ಎಂದು ನೀವು ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟರೆ ಬಾಡಿಗೆ ತಗೊಳ್ಳಲು ಬಂದ ಹಿರಿಯರ ಮನಸ್ಸು ನೊಂದೀತು. ಕಸದ ಬುಟ್ಟಿ, ಕಸಬರಿಗೆ, ಚಪ್ಪಲಿ ಈ ಮೂರಕ್ಕೆ ಆ ಜಾಗ ಬೇಡ. ಕೇಳುವಾಗ ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಹೇಳಿ. “ಕಾಕಾ, ಒಲಿ ಇದ್ದಂಗೇ ಇರ್ತದ್ರಿ, ಮೊಳಿ ಹೊಡ್ಯಲ್ಲ. ಮುಂದ ಒಂದು ಹಲಗಿ ನಿಂದ್ರಸ್ತೀನ್ರಿ, ಮನಿ ಬಿಡೋವಾಗ ತಗೊಂಡು ಹೋಗ್ತೀನ್ರಿ” ಎಂದರೆ ಬೇಡ ಅನ್ನುವವರು ಕಡಿಮೆ. ಒಪ್ಪಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿ, ಜೊತೆಗೆ ಆವತ್ತಿನ ಗೋಡೆಯ ಫೋಟೊ. ಡಿಪಾಜಿಟ್ ಮರಳಿ ಪಡೆಯುವ ದಿನ ಆ ಫೋಟೊ ನಿಮ್ಮ ಪರವಾಗಿ ಮಾತಾಡುತ್ತದೆ.

ಮಸಿ, ಜಿಡ್ಡು, ಹೊಗೆಗೂಡು

ಮಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಹೊಗೆಗೂಡು ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದ. ಕೆಲಸದಿಂದ ಕ್ಯಾನ್ಸರ್ ಬರಬಲ್ಲದು ಎಂದು ವೈದ್ಯಲೋಕ ಮೊದಲು ಗುರುತಿಸಿದ್ದು ಹೀಗೆ. ನಿಮ್ಮದು ಒಂದು ದಿನದ ಕೆಲಸ, ಹೆದರಬೇಕಿಲ್ಲ. ಆದರೂ ಮೂಗಿಗೆ ಮಾಸ್ಕ್, ಕೈಗೆ ಗವಸು ಇರಲಿ, ಮಕ್ಕಳು ಆಚೆ ಇರಲಿ. ಒಣ ಕಸಬರಿಗೆಯಿಂದ ಗುಡಿಸಿದರೆ ಮಸಿ ಮನೆಯೆಲ್ಲ ಹಾರುತ್ತದೆ. ಕೆಳಗೆ ಒದ್ದೆ ಪೇಪರ್ ಹಾಸಿ, ಗಡಸು ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ, ಬಿದ್ದದ್ದನ್ನು ಪೇಪರ್ ಸಮೇತ ಸುತ್ತಿ ತೆಗೆಯಿರಿ. ಆಮೇಲೆ ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ಟೈಲ್ಸ್ ಸಂದಿ ತಿಕ್ಕಿದರೆ ವರ್ಷಗಳ ಜಿಡ್ಡು ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಅರ್ಧ ಕುರೂಪ ಇಷ್ಟಕ್ಕೇ ಹೋಗುತ್ತದೆ.

ಹೊಗೆಗೂಡಿನ ಪೈಪು ಬೂದು ಬಣ್ಣದ ಸಿಮೆಂಟಿನದಾಗಿದ್ದರೆ ಅದನ್ನು ಕೊರೆಯಬೇಡಿ, ಕತ್ತರಿಸಬೇಡಿ, ಉಜ್ಜಲೂ ಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ, ಮೂರು ಪಾತ್ರೆ ಕೂಡುವ ಹೊಗೆರಹಿತ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಅನೇಕ ಮನೆಗಳನ್ನು ಸೇರಿತು. ಆ ಕಾಲದ ಸುಧಾರಿತ ಒಲೆಗಳಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ಕೂಡಿಸುತ್ತಿದ್ದರು. ಇದ್ದಂತೆ ಬಿಟ್ಟರೆ ಅಪಾಯ ಕಡಿಮೆ, ಕೊರೆದರೆ ಎಳೆ ಹಾರಿ ಶ್ವಾಸಕೋಶ ಸೇರುತ್ತದೆ. ಅದರ ಮೇಲೆ ಒಂದು ಕೋಟು ಬಣ್ಣ ಬಳಿಯುವುದು ಸಾಕು.

ಗೂಡಿನ ಮೇಲ್ತುದಿಯಲ್ಲಿ ಪಾರಿವಾಳ, ಅಳಿಲು, ಮಳೆ ಮೂರಕ್ಕೂ ದಾರಿ ಇರುತ್ತದೆ. ಮಾಳಿಗೆ ಮೇಲೆ ಹತ್ತಿ ತಂತಿ ಜಾಲರಿ ಕಟ್ಟಿಸಿ, ಮೇಲೊಂದು ತಗಡಿನ ಟೋಪಿ ಹಾಕಿಸಲು ಮಾಲಕರಿಗೇ ಹೇಳಿ, ಇದು ಕಟ್ಟಡದ ದುರಸ್ತಿ. ಗೂಡನ್ನು ಸಿಮೆಂಟ್ ಹಾಕಿ ಪೂರ್ತಿ ಮುಚ್ಚಿಸಬೇಡಿ. ಬೀದರಿನ ಹಳೆಯ ಗೋಡೆಗಳು ಬಹುಪಾಲು ರಂಧ್ರ ರಂಧ್ರದ ಕೆಂಪು ಜಂಬಿಟ್ಟಿಗೆ ಕಲ್ಲಿನವು, ನೀರು ಕುಡಿದು ಗಾಳಿಗೆ ಬಿಟ್ಟು ಬದುಕುವಂಥವು. ಗಾಳಿ ನಿಂತರೆ ತೇವ ಒಳಗೇ ಕೂತು ಬಣ್ಣ ಉಬ್ಬಿ ಉದುರುತ್ತದೆ.

ಡಿಸೆಂಬರ್ ಜನವರಿಯಲ್ಲಿ ಬೀದರಿನ ಚಳಿ ಮೈ ಕೊರೆಯುತ್ತದೆ. ಹೇಗೂ ಒಲೆ ಇದೆಯಲ್ಲ ಎಂದು ಅದರೊಳಗೆ ಇದ್ದಿಲ ಶೇಗಡಿ ಇಟ್ಟು, ಬಾಗಿಲು ಕಿಟಕಿ ಹಾಕಿ ಮಲಗುವ ಆಸೆ ಬರಬಹುದು. ದಯವಿಟ್ಟು ಬೇಡ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಜಾಲರಿ ಕಟ್ಟಿದ, ವರ್ಷಗಟ್ಟಲೆ ಗುಡಿಸದ ಗೂಡು ಆ ಗಾಳಿಯನ್ನು ಎಳೆದು ಹೊರಹಾಕುತ್ತದೆ ಎಂದು ನಂಬಬೇಡಿ. ಒಮ್ಮೆ ಅಲಂಕಾರಕ್ಕೆ ಬಿಟ್ಟ ಒಲೆಯಲ್ಲಿ ಮತ್ತೆ ಬೆಂಕಿ ಹಾಕಬಾರದು.

ಬಾಯಿಗೆ ಹಲಗೆ, ಹಲಗೆಗೆ ಕಪ್ಪು

ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲೇ ಬೇಸಿಗೆ ಬಂತೆಂದರೆ ಅಗ್ಗಿಷ್ಟಿಕೆಯ ಬಾಯಿಗೆ ಚಿತ್ರ ಬರೆದ ಹಲಗೆ ನಿಲ್ಲಿಸುತ್ತಿದ್ದರು. ಮಸಿ ಬೀಳುವುದೂ ನಿಲ್ಲುತ್ತಿತ್ತು, ಕೋಣೆಯೂ ಚಂದ ಕಾಣುತ್ತಿತ್ತು. ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ನಾವು ಅದನ್ನು ಸ್ವಲ್ಪ ತಿರುಗಿಸಿಕೊಳ್ಳೋಣ: ಹಲಗೆಯನ್ನು ಬಾಯಿಗೆ ಅಡ್ಡವಾಗಿ ಮುಂದೆ ಇಡದೆ ಒಂದು ಗೇಣು ಒಳಗೆ ಇಡುವುದು. ಆಗ ಮಸಿ ಹಿಡಿದ ಹಿಂಗೋಡೆ ಮರೆಯಾಗಿ, ಮುಂದೆ ಒಂದು ಮಾಡ ಉಳಿಯುತ್ತದೆ.

ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದುಕೊಳ್ಳಿ. ಹಳೆಯ ಒಲೆಯ ಬಾಯಿ ಚೌಕವಾಗಿರುವುದೇ ಇಲ್ಲ. ಎಲ್ಲಕ್ಕಿಂತ ಚಿಕ್ಕ ಅಳತೆಗೆ ಅರ್ಧ ಇಂಚು ಕಡಿಮೆ ಮಾಡಿ 12 ಎಂಎಂ ಪ್ಲೈವುಡ್ ಕತ್ತರಿಸಿಕೊಡಲು ಬಡಿಗರಿಗೆ ಹೇಳಿ. ಹಿಂದೆ ಎರಡು ಮರದ ಕಾಲು ಕೂಡಿಸಿದರೆ ತಾನಾಗಿ ನಿಲ್ಲುತ್ತದೆ, ಅಂಟೂ ಬೇಡ, ಮೊಳೆಯೂ ಬೇಡ. ಮೇಲೆ ಕೆಳಗೆ ನಾಲ್ಕಾರು ತೂತು ಕೊರೆಸಿದರೆ ಗಾಳಿ ಆಡುತ್ತದೆ. ಆ ತೂತುಗಳ ಹಿಂದೆ ಸಣ್ಣ ಕಣ್ಣಿನ ಜಾಲರಿ ಬಡಿಸಿದರೆ ಹಲ್ಲಿ ಜಿರಳೆ ಬರುವುದಿಲ್ಲ. ಬಣ್ಣ ಹೊಳಪಿಲ್ಲದ ಕಪ್ಪು. ಹೊಳಪಿನ ಕಪ್ಪು ಬೆಳಕನ್ನು ಕಣ್ಣಿಗೆ ಎಸೆಯುತ್ತದೆ, ಬಾಯಿ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಅದರ ಮುಂದೆ ಏನಿಡುವುದು? ತಿಳಿ ಬಣ್ಣದ್ದು, ಹೊಳೆಯುವಂಥದ್ದು, ಸಂಖ್ಯೆಯಲ್ಲಿ ಕಡಿಮೆ. ತಿಕ್ಕಿ ಬೆಳಗಿದ ತಾಮ್ರದ ಹಂಡೆ ಒಂದೇ ಇಟ್ಟರೂ ಕೋಣೆ ತುಂಬಿದಂತಾಗುತ್ತದೆ. ಹಿಂಗಾರಿ ಜೋಳದ ರಾಶಿಯ ಕಾಲದಲ್ಲಿ ಹಳ್ಳಿಯಿಂದ ಬರುವವರಿಗೆ ಹೇಳಿ, ದಂಟು ಸಮೇತ ಒಂದು ಹಿಡಿ ತೆನೆ ತರಿಸಿ ಎತ್ತರದ ಮಣ್ಣಿನ ಗಡಿಗೆಯಲ್ಲಿ ನಿಲ್ಲಿಸಿ. ಕಪ್ಪಿನ ಮುಂದೆ ಜೋಳದ ಆ ಹಾಲುಬಣ್ಣಕ್ಕೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಕಾಳು ಬಡಿದು ತೆಗೆದ ತೆನೆಯೇ ಆಗಲಿ, ಕಾಳು ಉಳಿದರೆ ಇಲಿಗೆ ಊಟ ಬಡಿಸಿದಂತೆ. ಕುಂಡದ ಗಿಡ ಇಡುವುದಾದರೆ ಎರಡು ಬೇಕು. ಒಲೆಯ ಬಾಯಿಗೆ ಬಿಸಿಲು ಬರುವುದಿಲ್ಲ. ಒಂದು ಅಲ್ಲಿರುವಾಗ ಇನ್ನೊಂದು ಕಿಟಕಿಯಲ್ಲಿರಲಿ, ವಾರಕ್ಕೊಮ್ಮೆ ಅದಲು ಬದಲು ಮಾಡಿ. ಪುಸ್ತಕವನ್ನು ಮಾತ್ರ ಅಲ್ಲಿ ಜೋಡಿಸಬೇಡಿ. ಚಿತ್ರದಲ್ಲಿ ಚಂದ ಕಾಣುತ್ತದೆ, ಒಂದು ಮಳೆಗಾಲ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ, ಗೆದ್ದಲೂ ಬರಬಹುದು.

ಬಿದ್ರಿ ಸಾಮಾನು ಇದ್ದವರು ಒಂದು ವಿಷಯ ಗಮನಿಸಬೇಕು. ಕಪ್ಪು ಹೂಜಿಯನ್ನು ಕಪ್ಪು ಬಾಯಿಯಲ್ಲಿ ಇಟ್ಟರೆ ಎರಡೂ ಕಾಣುವುದಿಲ್ಲ. ಅದರ ಜಾಗ ಮೇಲೆ, ಹೊಗೆಗೂಡು ಶುರುವಾಗುವಲ್ಲಿ ಚಾಚಿದ ಕಲ್ಲಿನ ಅಂಚಿನ ಮೇಲೆ, ಬಿಳಿ ಸುಣ್ಣದ ಗೋಡೆಗೆ ಎದುರಾಗಿ. 2006ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಕಲೆ ಇದು. ಸ್ವಂತ ಊರಿನಲ್ಲೇ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಗೋಡೆಗೆ ಪ್ಲಾಸ್ಟಿಕ್ ಹೂವು ತೂಗುವುದು ನನಗೆ ಬಹಳ ಸಂಕಟ ತರುತ್ತದೆ. ಚೌಬಾರಾ ಸುತ್ತಲಿನ ಗಲ್ಲಿಗಳಲ್ಲಿ ಕುಶಲಕರ್ಮಿಗಳಿಂದಲೇ ಒಂದು ಸಣ್ಣ ಡಬ್ಬಿಯೋ ತಟ್ಟೆಯೋ ಕೊಂಡರೂ ಸಾಕು. ಧೂಳನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ. ಹುಣಸೆಹಣ್ಣು, ಹಿತ್ತಾಳೆ ತಿಕ್ಕುವ ಪುಡಿ ಮುಟ್ಟಿಸಬೇಡಿ, ಕಪ್ಪೇ ಎದ್ದು ಹೋದೀತು.

ಗೋಡೆಗೆ ಸುಣ್ಣ, ಮುಂದೆ ಕೌದಿ

ಒಲೆಗೂಡು ಎದ್ದು ಕಾಣಲು ಮುಖ್ಯ ಕಾರಣ ಅದರ ಬಣ್ಣ ಸುತ್ತಲಿನ ಗೋಡೆಗಿಂತ ಬೇರೆಯಾಗಿರುವುದು. ಗೂಡು, ಪಕ್ಕದ ಗೋಡೆ ಎರಡಕ್ಕೂ ಒಂದೇ ಬಣ್ಣ ಬಂದರೆ ಅದು ಅರ್ಧ ಮಾಯವಾಗುತ್ತದೆ. ಮಾಲಕರು ಒಪ್ಪಿದರೆ ಸುಣ್ಣವೇ ಆಗಲಿ. ಹಳೆಯ ಕಲ್ಲಿನ ಗೋಡೆ ಸುಣ್ಣದ ಮೂಲಕ ಉಸಿರಾಡುತ್ತದೆ, ಪ್ಲಾಸ್ಟಿಕ್ ಎಮಲ್ಷನ್ ಅದರ ಬಾಯಿ ಕಟ್ಟುತ್ತದೆ. ರಾತ್ರಿ ನೆನೆಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಚೂರು ಗೋಂದು, ಚಿಟಿಕೆ ನೀಲಿ ಬೆರೆಸಿ ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಸಿಡಿದರೆ ಸುಡುತ್ತದೆ. ಕಟ್ಟೆಯ ಅಂಚಿಗೆ ಜಾಜಿನ ಒಂದು ಪಟ್ಟಿ ಎಳೆದರೆ ಸಾಕು, ಹಳೆಯ ಮಾಳಿಗೆ ಮನೆಯ ಕಳೆ ಬರುತ್ತದೆ. ಸುಣ್ಣ ಒಣಗಿದ ಮೇಲೂ ಹಳದಿ ಕಲೆ ಮೇಲೇಳುತ್ತಿದ್ದರೆ ಅದು ಹೊಗೆಯ ಟಾರು. ಗೋಡೆ ಸಿಮೆಂಟಿನದಾದರೆ ಎಣ್ಣೆ ಆಧಾರಿತ ಪ್ರೈಮರ್ ಒಂದು ಕೋಟು ಹೊಡೆದು ಆಮೇಲೆ ಡಿಸ್ಟೆಂಪರ್ ಬಳಿಯುವುದೊಂದೇ ದಾರಿ.

ಬಿಳಿ ಟೈಲ್ಸ್ ಮೇಲೆ ಡಿಸ್ಟೆಂಪರ್ ನಿಲ್ಲುವುದಿಲ್ಲ. ಅಂಟುವ ಹಾಳೆ ಹಾಕಬಹುದು, ಆದರೆ ಮೊದಲು ಮೂಲೆಯ ಒಂದು ಟೈಲ್‌ಗೆ ಹಚ್ಚಿ ಹದಿನೈದು ದಿನ ಬಿಟ್ಟು ಕಿತ್ತು ನೋಡಿ. ಕೀಳುವಾಗ ಹೇರ್ ಡ್ರೈಯರ್ ಹಿಡಿದರೆ ಅಂಟು ಸಡಿಲವಾಗುತ್ತದೆ. ಬಣ್ಣ ಆರಿಸುವಾಗ ಅಂಗಡಿಯವರು ತೋರಿಸುವ ಅಮೃತಶಿಲೆಯ ನಕಲಿಗೆ ಮರುಳಾಗದೆ, ಒಮ್ಮೆ ಮಹಮೂದ್ ಗವಾನನ ಮದರಸಾದ ಮುಂದೆ ಹೋಗಿ ನಿಲ್ಲಿ. 1472ರಲ್ಲಿ ಮುಗಿದ ಆ ಕಟ್ಟಡದ ಮುಖದಲ್ಲಿ ಉಳಿದಿರುವ ಟೈಲ್ಸ್ ತುಣುಕುಗಳ ನೀಲಿ, ಬಿಳಿ, ಹಳದಿ, ಹಸಿರನ್ನು ನೋಡಿ. ಕೆಂಪುಕಲ್ಲಿನ ಊರಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಇದೆ. ಒಂದು ನೀಲಿ, ಒಂದು ಬಿಳಿ ಸಾಕು.

ಬಣ್ಣಕ್ಕೆ ಒಪ್ಪಿಗೆ ಸಿಗದಿದ್ದರೆ ಬಟ್ಟೆ ಇದೆ. ಗಂಜಿನ ಅಂಗಡಿಗಳಲ್ಲಿ ಖಾಲಿ ಗೋಣಿಚೀಲಕ್ಕೆ ಬರವಿಲ್ಲ. ಎರಡು ಒಳ್ಳೆಯ ಚೀಲ ಬಿಚ್ಚಿ, ಒಗೆದು, ಕಾಳಿನ ನುಸಿ ಹೋಗುವಂತೆ ಸುಡು ಬಿಸಿಲಿಗೆ ಒಣಗಿಸಿ, ದಬ್ಬಣ ಸುತಳಿಯಿಂದ ಅಂಚು ಹೊಲಿದರೆ ಗಟ್ಟಿಯಾದ ಪರದೆ ಆಗುತ್ತದೆ. ಒಲೆಯ ಬಾಯಿಯ ಎರಡು ಬದಿಗೆ ಬಿಗಿಯಾಗಿ ಕೂಡುವ ಸ್ಪ್ರಿಂಗ್ ರಾಡಿಗೆ ಅದನ್ನು ಪೋಣಿಸಿ. ಒಳಗೆ ಗ್ಯಾಸ್ ರಿಪೇರಿ ಸಾಮಾನು, ಮಕ್ಕಳ ಆಟಿಕೆ, ಇಸ್ತ್ರಿ ಪೆಟ್ಟಿಗೆ ಏನಾದರೂ ಇಡಬಹುದು. ಅಂಟಿಸುವ ಹುಕ್ಕು ಸುಣ್ಣದ ಗೋಡೆಗೆ ಹಿಡಿಯುವುದಿಲ್ಲ, ಹಣ ದಂಡ. ಮೊಳೆ ಹೊಡೆದರೆ ಹಳೆಯ ಗಚ್ಚು ಅಂಗೈಯಗಲ ಉದುರುತ್ತದೆ.

ಎತ್ತರದ ಹೊಗೆಗೂಡಿಗೆ ನನ್ನ ಮೆಚ್ಚಿನ ಉಪಾಯ ನಿಚ್ಚಣಿಕೆ ಮತ್ತು ಕೌದಿ. ಬಿದಿರಿನ ನಿಚ್ಚಣಿಕೆಯನ್ನು ಗೂಡಿಗೆ ಒರಗಿಸಿ, ಮೇಲಿನ ಮೆಟ್ಟಿಲಿನಿಂದ ಒಂದು ಕೌದಿ ಇಳಿಬಿಡಿ. ಹಳೆಯ ಸೀರೆ, ಧೋತರದ ತುಂಡು ಕೂಡಿಸಿ ಹೊಲಿದ ಆ ಬಣ್ಣಗಳ ಮುಂದೆ ಗೋಡೆಯ ಯಾವ ಕಲೆಯೂ ಕಣ್ಣಿಗೆ ಬೀಳುವುದಿಲ್ಲ. ಅಜ್ಜಿ ಹೊಲಿದ ಕೌದಿ ಪೆಟ್ಟಿಗೆಯ ತಳದಲ್ಲಿದ್ದರೆ ತೆಗೆದು ಬಿಸಿಲು ಕಾಣಿಸಿ. ತೊಗರಿ ಸುಗ್ಗಿಯ ಡಿಸೆಂಬರಿನಿಂದ ಫೆಬ್ರುವರಿವರೆಗೆ ಗಂಜಿನ ಗಾಳಿಯಲ್ಲಿ ಹೊಟ್ಟು, ಧೂಳು ಹೆಚ್ಚು. ಒಗೆಯಲು ಬರುವ ಬಟ್ಟೆಯೇ ಇಲ್ಲಿಗೆ ಸರಿ. ನೂರು ಸಣ್ಣ ಗೊಂಬೆ ಜೋಡಿಸಿದರೆ ದಿನವೂ ಒರೆಸುವವರು ಯಾರು?

ಕಟ್ಟೆ ಸೊಂಟದ ಎತ್ತರಕ್ಕಿದ್ದರೆ ಅದರ ಮೇಲೆ ಶಹಾಬಾದ್ ಪರಸಿಯ ಒಂದು ತುಂಡು ಸುಮ್ಮನೆ ಇಟ್ಟು ಚಹಾದ ಸಾಮಾನಿಗೆ ಬಳಸಿ. ನೆಲಮಟ್ಟದ ಕುಳಿತು ಅಡುಗೆ ಮಾಡುವ ಒಲೆಯಾದರೆ, ಅದರ ಪಕ್ಕದ ಕಟ್ಟೆಗೆ ಜಮಖಾನ ಮಡಚಿ ಹಾಸಿದರೆ ಕೂರುವ ಜಾಗ.

ಕೊನೆಯದಾಗಿ ಕೋಣೆಯ ಮುಖ ತಿರುಗಿಸುವ ಮಾತು. ಟಿವಿಯನ್ನು ಹೊಗೆಗೂಡಿನ ಮೇಲೆ ತೂಗುಹಾಕಬೇಡಿ. ಒಳಗೆ ಪೊಳ್ಳು, ಬೋಲ್ಟು ಹಿಡಿಯುವುದಿಲ್ಲ, ಎತ್ತರಕ್ಕೆ ನೋಡಿ ನೋಡಿ ಕತ್ತು ನೋಯುತ್ತದೆ. ಪಕ್ಕದ ಗೋಡೆಗೆ ಟಿವಿ ಇಟ್ಟು ಕುರ್ಚಿಗಳನ್ನು ಆ ಕಡೆ ತಿರುಗಿಸಿದರೆ ಒಲೆ ತಾನಾಗಿ ಬದಿಗೆ ಸರಿಯುತ್ತದೆ. ದೊಡ್ಡ ಕನ್ನಡಿ ಇದ್ದರೆ ಒಲೆಗೆ ಎದುರಾಗಿ ಇಡಬೇಡಿ, ಒಂದಿದ್ದುದು ಎರಡಾಗುತ್ತದೆ. ಸಂಜೆಗೆ ಬಾಯಿಯೊಳಗೆ ಕಡಿಮೆ ವಾಟಿನ ಹಳದಿ ಎಲ್‌ಇಡಿ ಬಲ್ಬು, ಹಲಗೆಯ ಬುಡದಲ್ಲಿ ಮೇಲ್ಮುಖವಾಗಿ. ಎಣ್ಣೆ ದೀಪ ಇಡುವ ಮನಸ್ಸಾದರೆ ಗೋಣಿ ಪರದೆ, ಜೋಳದ ತೆನೆ ಎರಡನ್ನೂ ತೆಗೆದ ಮೇಲಷ್ಟೇ.

ಮನೆ ಬಿಡುವಾಗ ಮೊದಲ ದಿನದ ಫೋಟೊ ಮುಂದಿಟ್ಟುಕೊಂಡು ಒಂದೊಂದೇ ಬಿಚ್ಚಿ. ರಾಡು, ಪರದೆ, ಪರಸಿ, ನಿಚ್ಚಣಿಕೆ ಮುಂದಿನ ಮನೆಗೂ ಬರುತ್ತವೆ. ಕಪ್ಪು ಹಲಗೆ ಮಾತ್ರ ಆ ಒಂದು ಬಾಯಿಯ ಅಳತೆಗೆ ಕೊಯ್ದದ್ದು, ಇನ್ನೊಂದು ಒಲೆಗೆ ಕೂಡುವುದಿಲ್ಲ. ಅದನ್ನು ಅಲ್ಲೇ ಬಿಡಬಹುದೇ ಎಂದು ಮಾಲಕರನ್ನು ಕೇಳಿ ನೋಡಿ. ಮುಂದೆ ಬರುವ ಬಾಡಿಗೆದಾರರಿಗೆ ಅದು ಬೇಕಾಗುತ್ತದೆ.